ಸ್ಪಷ್ಟನೆ: ಷರತ್ತು ಸುಳ್ಳಾದರೂ ಪ್ರೊಸೆಸರ್ ನಿಲ್ಲುತ್ತದೆ

ಪ್ರೋಗ್ರಾಮಿನ ದೋಷ ಹುಡುಕುವಾಗ, ಕೊಟ್ಟ ಷರತ್ತು ನಿಜವಿದ್ದರೆ ಒಂದು ಸಾಲಿನಲ್ಲಿ ಓಟ ನಿಲ್ಲಿಸಲು ಹಾಕುವ ಗುರುತೇ ಕಂಡೀಷನಲ್ ಬ್ರೇಕ್‌ಪಾಯಿಂಟ್. ‘ಅದನ್ನು ಹಾಕಿದರೆ ಷರತ್ತು ನಿಜವಾದಾಗ ಮಾತ್ರ ಚಿಪ್ ನಿಲ್ಲುತ್ತದೆ, ವೇಗಕ್ಕೆ ಧಕ್ಕೆಯಿಲ್ಲ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಕಾರ್ಟೆಕ್ಸ್-ಎಂ3, ಎಂ4 ಕೋರ್ (ಪ್ರೊಸೆಸರ್) ಇರುವ ಚಿಪ್‌ಗಳ ಬ್ರೇಕ್‌ಪಾಯಿಂಟ್ ಹಾರ್ಡ್‌ವೇರ್ ಹೋಲಿಸುವುದು ಇನ್‌ಸ್ಟ್ರಕ್ಷನ್‌ನ ವಿಳಾಸವನ್ನಷ್ಟೇ. ಸಾಮಾನ್ಯವಾಗಿ ಆ ಸಾಲು ಬಂದಾಗಲೆಲ್ಲ ಕೋರ್ ನಿಲ್ಲುತ್ತದೆ; ಕಂಪ್ಯೂಟರ್‌ನಲ್ಲಿರುವ ಡಿಬಗರ್ ಜಿಡಿಬಿ, ಚಿಪ್‌ಗೆ ಜೋಡಿಸಿದ ಪ್ರೋಬ್ ಸಾಧನದ ಮೂಲಕ ವೇರಿಯಬಲ್ ಓದಿ, ಷರತ್ತು ಸುಳ್ಳಾದರೆ ಮತ್ತೆ ಓಡಿಸುತ್ತದೆ. ನಮಗೆ ಕಾಣುವುದಿಲ್ಲ, ಅಷ್ಟೆ. 1,15,200 ಬಾಡ್‌ನಲ್ಲಿ ಯುಎಆರ್‌ಟಿಗೆ (ಸೀರಿಯಲ್ ಪೋರ್ಟ್) ಸುಮಾರು 87 ಮೈಕ್ರೋಸೆಕೆಂಡಿಗೊಂದು ಬೈಟ್ ಬರುತ್ತದೆ. ಕೋರ್ 1 ಮಿಲಿಸೆಕೆಂಡ್ ನಿಂತರೂ ಹನ್ನೊಂದು ಬೈಟ್ ಬಂದಿರುತ್ತವೆ; ಓವರ್‌ರನ್ ಆಗುತ್ತದೆ, ಅಂದರೆ ಓದುವ ಮೊದಲೇ ಬೈಟ್‌ಗಳು ಕಳೆದುಹೋಗುತ್ತವೆ. ಆಮೇಲೆ ಹುಡುಕುವುದು ಡಿಬಗರೇ ಹುಟ್ಟಿಸಿದ ದೋಷವನ್ನು!

ಇಂಟರಪ್ಟ್ ಹ್ಯಾಂಡ್ಲರ್‌ನಂಥ (ಹಾರ್ಡ್‌ವೇರ್ ಕರೆದಾಗ ತಕ್ಷಣ ಓಡುವ ಕೋಡ್) ಕಡೆ ಷರತ್ತನ್ನು ಕೋಡ್‌ನಲ್ಲೇ ಇಫ್ ಆಗಿ ಬರೆದು, ಒಳಗೆ ಕೋರನ್ನು ನಿಲ್ಲಿಸುವ ಬಿಕೆಪಿಟಿ ಇನ್‌ಸ್ಟ್ರಕ್ಷನ್ ಇಡಿ. ಆಗ ಸುಳ್ಳಾದ ಷರತ್ತಿಗೆ ತಗಲುವುದು ಕೆಲವೇ ಸೈಕಲ್. ಬಿಡುಗಡೆಗೆ ಮುನ್ನ ತೆಗೆಯಲು ಮರೆಯಬೇಡಿ: ಡಿಬಗರ್ ಇಲ್ಲದಾಗ ಅದು ಹಾರ್ಡ್‌ಫಾಲ್ಟ್ ಎಂಬ ಗಂಭೀರ ದೋಷದ ಸ್ಥಿತಿಗೆ ಹೋಗುತ್ತದೆ. ವೇರಿಯಬಲ್‌ಗೆ ಯಾರು ಬರೆಯುತ್ತಿದ್ದಾರೆಂದು ತಿಳಿಯಬೇಕಿದ್ದರೆ ಚಿಪ್‌ನೊಳಗಿನ ಡಿಬಗ್ ಘಟಕವಾದ ಡಿಡಬ್ಲ್ಯುಟಿಯ ವಾಚ್‌ಪಾಯಿಂಟ್ ಸಾಕು, ವಿಳಾಸದ ಹೋಲಿಕೆ ಹಾರ್ಡ್‌ವೇರ್‌ನಲ್ಲೇ ನಡೆಯುತ್ತದೆ.

ಇನ್ನೊಂದು: ಜಿಡಿಬಿ ಷರತ್ತಿನಲ್ಲಿ == ಬದಲು = ಬರೆದರೆ ಹೋಲಿಕೆಯಲ್ಲ, ವೇರಿಯಬಲ್‌ನ ಬೆಲೆಯೇ ಬದಲಾಗುತ್ತದೆ.

ಮುಖ್ಯ ಲೂಪಿನಲ್ಲಿ ಅಪರೂಪಕ್ಕೆ ಓಡುವ ಸಾಲಿಗೆ ಕಂಡೀಷನಲ್ ಬ್ರೇಕ್‌ಪಾಯಿಂಟ್ ಧಾರಾಳವಾಗಿ ಬಳಸಿ. ವಾಚ್‌ಡಾಗ್ (ಪ್ರೋಗ್ರಾಂ ಸ್ಥಗಿತವಾದರೆ ಚಿಪ್ಪನ್ನು ರೀಸೆಟ್ ಮಾಡುವ ಟೈಮರ್) ಇದ್ದರೆ, ಕೋರ್ ನಿಂತಾಗ ಅದೂ ನಿಲ್ಲುವಂತೆ ಚಿಪ್‌ನ ಡಿಬಗ್ ರಿಜಿಸ್ಟರ್‌ನಲ್ಲಿ ಹೊಂದಿಸಿಕೊಳ್ಳಿ.