ಹಲ್ಲು ಎಣಿಸಿ ಕೊಳ್ಳುವ ವಸ್ತು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದವರು ಮೊದಲು ಅದರ ಬಾಯಿ ಬಿಡಿಸುತ್ತಾರೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ನೋಡಿಕೊಂಡ ಮೇಲೆಯೇ ವ್ಯಾಪಾರದ ಮಾತು. ಕೊಂಬಿನ ಬಣ್ಣ, ಹಣೆಯ ಕುಚ್ಚು ಎಲ್ಲ ಆಮೇಲೆ. ಮನೆಯಲ್ಲೇ ಮರಗೆಲಸ ಮಾಡುವ ಹುಚ್ಚು ಹತ್ತಿದ ನಮ್ಮಂಥವರು ಬ್ಯಾಂಡ್ ಸಾ ಎಂಬ ಮರ ಕೊಯ್ಯುವ ಯಂತ್ರ ಕೊಳ್ಳುವ ರೀತಿ ಇದಕ್ಕೆ ತದ್ವಿರುದ್ಧ. ಮೋಟರ್ ಎಷ್ಟು ಎಚ್‌ಪಿ, ಲೈಟ್ ಇದೆಯಾ, ಸ್ಟ್ಯಾಂಡ್ ಸೇರಿಸಿ ರೇಟಾ, ವಾರಂಟಿ ಎಷ್ಟು ವರ್ಷ ಅಂತ ಅರ್ಧ ಗಂಟೆ ಅಂಗಡಿಯವರ ಪ್ರಾಣ ತಿನ್ನುತ್ತೇವೆ. ಹಲ್ಲಿನ ವಿಷಯಕ್ಕೆ ಬಂದರೆ ಅವರು "ಬ್ಲೇಡು ಜೊತೇಲೇ ಬರುತ್ತೆ ಸಾರ್" ಅಂದುಬಿಡುತ್ತಾರೆ. ನಮಗೂ ಅಷ್ಟು ಸಾಕಾಗಿರುತ್ತದೆ.

ಸಾ ಮಿಲ್ಲಿನೊಳಗೆ ಇಣುಕಿ ನೋಡಿದವರಿಗೆ ಈ ಯಂತ್ರ ಗೊತ್ತು. ಮೇಲೊಂದು ಚಕ್ರ, ಕೆಳಗೊಂದು ಚಕ್ರ. ಎರಡನ್ನೂ ಸುತ್ತಿ ಓಡುವ ಉಕ್ಕಿನ ಪಟ್ಟಿ, ಅದರ ಒಂದು ಅಂಚಿಗೆ ಹಲ್ಲು. ಇಷ್ಟೇ. ಇಷ್ಟೇ ಆದರೂ ಇದು ಬಳಕೆಗೆ ಬರಲು ಕಾದದ್ದು ಎಷ್ಟು ಗೊತ್ತೇ? ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 1809ರ ಹೊತ್ತಿಗೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಚಕ್ರವಿತ್ತು, ಚೌಕಟ್ಟಿತ್ತು, ಬ್ಲೇಡು ಮಾತ್ರ ನಿಲ್ಲುತ್ತಿರಲಿಲ್ಲ. ಪ್ರತಿ ಸುತ್ತಿಗೂ ಬಾಗಿ, ನೆಟ್ಟಗಾಗಿ, ಮತ್ತೆ ಬಾಗಿ, ಬೆಸುಗೆ ಹಾಕಿದ ಕಡೆಯೇ ಪಟ್ಟಂತ ಹರಿಯುತ್ತಿತ್ತು. 1846ರಲ್ಲಿ ಆನ್ ಪೌಲಿನ್ ಕ್ರೆಪಿನ್ ಎಂಬ ಫ್ರೆಂಚ್ ಹೆಂಗಸು ತಾಳಿಕೆಯ ಬೆಸುಗೆಯ ದಾರಿ ಕಂಡುಕೊಂಡು ಪೇಟೆಂಟಿಗೆ ಅರ್ಜಿ ಹಾಕಿದಳು. ಪ್ಯಾರಿಸ್ಸಿನ ಪೆರಿನ್ ಕಂಪನಿ ಆ ಹಕ್ಕು ಕೊಂಡುಕೊಂಡಿತು. ಬ್ಯಾಂಡ್ ಸಾ ನಿಜವಾಗಿ ಓಡಿದ್ದು ಅಲ್ಲಿಂದಾಚೆಗೆ. ಮೂವತ್ತೈದು ವರ್ಷಕ್ಕೂ ಮೇಲೆ ಮೆಷಿನ್ನು ಬ್ಲೇಡಿಗಾಗಿ ಕಾದಿತ್ತು. ನಾವು ಇವತ್ತಿಗೂ ಎಚ್‌ಪಿ ಕೇಳುತ್ತಿದ್ದೇವೆ!

ಮೆಷಿನ್ನಿನ ಬಗ್ಗೆ ಕೇಳಬೇಕಾದ್ದು ಎರಡು ಇವೆ, ಬೇಗ ಹೇಳಿ ಮುಗಿಸುತ್ತೇನೆ. 8 ಇಂಚು, 10 ಇಂಚು, 14 ಇಂಚು ಅನ್ನುವುದು ಚಕ್ರದ ಅಳತೆ. ಬ್ಲೇಡಿಗೂ ಚೌಕಟ್ಟಿನ ಕಂಬಕ್ಕೂ ನಡುವೆ ಎಷ್ಟು ಜಾಗ ಅನ್ನುವುದು ಅದರಿಂದ ಹೆಚ್ಚುಕಡಿಮೆ ತಿಳಿಯುತ್ತದೆ. ಎಷ್ಟು ಎತ್ತರದ ಮರ ಒಳಗೆ ಹೋಗುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಹಳೇ ಮಾದರಿಯ 14 ಇಂಚಿನ ಮೆಷಿನ್ನಿನಲ್ಲೂ ಸುಮಾರು 6 ಇಂಚಷ್ಟೇ ಹೋಗುವುದು. ಎರಡನೆಯದು ಬಿಗಿ, ಅಂದರೆ ಎರಡು ಚಕ್ರಗಳ ನಡುವೆ ಬ್ಲೇಡನ್ನು ಎಷ್ಟು ಗಟ್ಟಿಯಾಗಿ ಎಳೆದು ಹಿಡಿಯುತ್ತದೆ ಅನ್ನುವುದು. ಸಣ್ಣ ಮೆಷಿನ್ನಿಗೂ ಅರ್ಧ ಇಂಚಿನ ಬ್ಲೇಡು ಏರುತ್ತದೆ ಅಂತ ಪೆಟ್ಟಿಗೆಯ ಮೇಲೆ ಬರೆದಿರಬಹುದು. ಏರುತ್ತದೆ, ನಿಜ. ಅದನ್ನು ಸರಿಯಾಗಿ ಬಿಗಿ ಮಾಡುವ ತಾಕತ್ತು ಆ ತೆಳು ಚೌಕಟ್ಟಿಗೆ ಇರಬೇಕಲ್ಲ?

ಇನ್ನು ಬ್ಲೇಡು. ಅಗಲ ನೋಡುವುದು ತಿರುವಿಗಾಗಿ. ಕಾಲು ಇಂಚಿನ ಬ್ಲೇಡು ಮುಕ್ಕಾಲು ಇಂಚು ತ್ರಿಜ್ಯದ ತಿರುವನ್ನು ಸಲೀಸಾಗಿ ಸುತ್ತುತ್ತದೆ. ಅರ್ಧ ಇಂಚಿನದಕ್ಕೆ ಎರಡೂವರೆ ಇಂಚಾದರೂ ಬೇಕು. ಬಲವಂತ ಮಾಡಿದರೆ ಮೈ ತಿರುಚಿಕೊಳ್ಳುತ್ತದೆ. ನೆಟ್ಟಗೆ ಸೀಳಲು ಮಾತ್ರ ಅಗಲದ್ದೇ ಸರಿ. ದಾರಿ ಬಿಟ್ಟು ಅಲೆಯುವುದಿಲ್ಲ.

ಹಲ್ಲಿನ ಲೆಕ್ಕ ಟಿಪಿಐ, ಅಂದರೆ ಇಂಚಿಗೆ ಎಷ್ಟು ಹಲ್ಲು ಅಂತ. ಹಲ್ಲು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ಕಾಲು ಇಂಚು ದಪ್ಪದ ಪ್ಲೈವುಡ್ಡಿಗೆ ಅದು ನಿಜ. ಯಾವಾಗಲೂ ಮೂರು ಹಲ್ಲಾದರೂ ಮರದೊಳಗಿರಬೇಕು ಅನ್ನುವುದು ಹಳೆಯ ನಿಯಮ. ಹಾಗಾಗಿ 14 ಟಿಪಿಐ ಸರಿಹೋಗುತ್ತದೆ. ಅದೇ ಬ್ಲೇಡಿನಲ್ಲಿ 6 ಇಂಚು ಎತ್ತರದ ಹಲಸಿನ ತುಂಡು ಸೀಳಲು ಹೊರಡಿ. ಒಂದೇ ಸಲಕ್ಕೆ 84 ಹಲ್ಲು ಮರದೊಳಗಿರುತ್ತವೆ. ಹಲ್ಲಿನ ಸಂದು ಚಿಕ್ಕದು. ಹೊಟ್ಟು ಅಲ್ಲೇ ತುಂಬಿಕೊಂಡು ಹೊರಗೆ ಬರಲು ಜಾಗವೇ ಇರುವುದಿಲ್ಲ. ಬ್ಲೇಡು ಬಿಸಿಯಾಗುತ್ತದೆ, ಮರ ಸುಟ್ಟ ವಾಸನೆ ಬರುತ್ತದೆ, ಕೊಯ್ದ ಮೈ ಹೊಟ್ಟೆ ಉಬ್ಬಿಸಿಕೊಂಡು ಹೊರಬರುತ್ತದೆ. ಮೆಷಿನ್ನಿಗೆ ಶಕ್ತಿ ಸಾಲದು ಅಂತ ನಾವು ಬೈಯುವುದು ಆಗಲೇ. 3 ಟಿಪಿಐ ಹಾಕಿದರೆ ಒಳಗಿರುವುದು ಬರೀ 18 ಹಲ್ಲು. ಅದೇ ಮೋಟರು ಗೊಣಗದೆ ಕೊಯ್ಯುತ್ತದೆ.

ಮರ ಯಾವುದು ಅನ್ನುವುದೂ ಮುಖ್ಯ. ತೇಗದಲ್ಲಿ ಮರಳಿನದೇ ಅಂಶವಾದ ಸಿಲಿಕಾ ಇರುತ್ತದೆ. ನೋಡಲು ಮೆದು, ಹಲ್ಲನ್ನು ಮಾತ್ರ ಬೇಗ ಮೊಂಡು ಮಾಡುತ್ತದೆ. ಅಂಥ ಮರ ಜಾಸ್ತಿ ಕೊಯ್ಯುವವರು ಎರಡು ಬಗೆಯ ಲೋಹ ಬೆಸೆದ ಬೈಮೆಟಲ್ ಬ್ಲೇಡಿಗೆ ದುಡ್ಡು ಹಾಕಬಹುದು. ಉಳಿದವರಿಗೆ ಸಾದಾ ಕಾರ್ಬನ್ ಸ್ಟೀಲ್ ಸಾಕು. ಹಳೇ ಮನೆ ಕೆಡವಿದ ತೊಲೆ ಸಿಕ್ಕಿದೆಯಾ? ಮೊದಲು ಮೊಳೆ ಹುಡುಕಿ. ಮೊಳೆಗೆ ಯಾವ ಬ್ಲೇಡೂ ಒಂದೇ. ದುಂಡನೆಯ ಕೊಂಬೆಯನ್ನಂತೂ ಸುಮ್ನೆ ಕೈಯಲ್ಲಿ ಹಿಡಿದು ಅಡ್ಡಕ್ಕೆ ಕೊಯ್ಯಲು ಹೋಗಬೇಡಿ. ಬ್ಲೇಡು ಅದನ್ನು ಉರುಳಿಸಿ ಕೈಯನ್ನೂ ಜೊತೆಗೆ ಎಳೆಯುತ್ತದೆ.

ಹಾಗಾಗಿ ನನ್ನ ಮಾತು ಇಷ್ಟು: ಮೆಷಿನ್ನಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಉಳಿದ ದುಡ್ಡಿಗೆ ಮೂರು ಬ್ಲೇಡು ತನ್ನಿ. ತಿರುವಿಗೆ ಕಾಲು ಇಂಚಿನದು. ಸೀಳಲು ನಿಮ್ಮ ಮೆಷಿನ್ನು ಬಿಗಿ ಮಾಡಬಲ್ಲಷ್ಟು ಅಗಲದ್ದು, 3 ಟಿಪಿಐ. ಮೂರನೆಯದು ತೆಳು ಹಲಗೆಗೆ, ಹಲ್ಲು ಜಾಸ್ತಿ ಇರುವುದು. ಉದ್ದ ಗೊತ್ತಿಲ್ಲದಿದ್ದರೆ ಎರಡು ಚಕ್ರಗಳ ನಡು ಬಿಂದುಗಳ ಅಂತರವನ್ನು ದುಪ್ಪಟ್ಟು ಮಾಡಿ, ಒಂದು ಚಕ್ರದ ಸುತ್ತಳತೆ ಸೇರಿಸಿ. ಆ ಉದ್ದಕ್ಕೆ ಕತ್ತರಿಸಿ ಬೆಸೆದು ಕೊಡುವ ಅಂಗಡಿಗಳಿವೆ.

ಒಂದು ತಾಪತ್ರಯವಿದೆ. ಬ್ಲೇಡನ್ನು ಮೂರು ಸುತ್ತಾಗಿ ಮಡಚಿ ಇಡಬೇಕು. ಒಂದು ಕಾಲಲ್ಲಿ ಮೆಟ್ಟಿ, ಗ್ಲೌಸ್ ಹಾಕಿದ ಕೈಯಿಂದ ತಿರುಚಿ ಕೆಳಗೆ ಬಿಟ್ಟರೆ ತಾನೇ ಮಡಚಿಕೊಳ್ಳುತ್ತದೆ ಅನ್ನುತ್ತಾರೆ. ಬಲ್ಲವರ ಕೈಯಲ್ಲಿ ಅದು ಜಾದೂ. ಉಳಿದವರ ಮನೆಯಲ್ಲಿ ಮಕ್ಕಳನ್ನು ಒಳಗೆ ಕಳಿಸಿ ಬಾಗಿಲು ಹಾಕಿಕೊಳ್ಳುವ ಕೆಲಸ. ಮಡಚಲು ಬಾರದಿದ್ದರೆ ಗೋಡೆಗೆ ಮೊಳೆ ಹೊಡೆದು ಹಾಗೇ ನೇತುಹಾಕಬಹುದು. 14 ಇಂಚಿನ ಮೆಷಿನ್ನಿನದು ಹೆಚ್ಚುಕಡಿಮೆ ನಾಲ್ಕಡಿ ಇಳಿಬೀಳುತ್ತದೆ. ಮನೆಯವರು ಒಪ್ಪಬೇಕು. ನಮ್ಮಲ್ಲಿ ಒಪ್ಪಿಲ್ಲ.