ಸೌದೆ ರಾಶಿಯ ನೀತಿ ಸಂಹಿತೆ

ನಮ್ಮ ಮನೆ ತೀರ್ಥಹಳ್ಳಿ–ಆಗುಂಬೆ ರಸ್ತೆಯಿಂದ ಸ್ವಲ್ಪ ಒಳಗೆ. ಈ ಕಡೆಯ ಮಳೆ ನಿಮಗೆ ಗೊತ್ತಲ್ಲ. ಜೂನ್‌ಗೆ ಮೊದಲೇ ಸೌದೆ ಮುಚ್ಚಿಡದಿದ್ದರೆ ಬಚ್ಚಲೊಲೆ ಊದಿ ಊದಿ ಕಣ್ಣೀರು ಸುರಿಸಬೇಕು. ಮುಚ್ಚೋದಕ್ಕೆ ಫ್ಲೆಕ್ಸ್‌ನಂಥ ವಸ್ತು ಇನ್ನೊಂದಿಲ್ಲ. 2023ರ ಮೇ 10ಕ್ಕೆ ವಿಧಾನಸಭೆಯ ಮತದಾನ ಮುಗಿಯಿತು. ಎರಡೇ ದಿನದಲ್ಲಿ ತಿರುವಿನಲ್ಲಿದ್ದ ದೊಡ್ಡ ಫ್ಲೆಕ್ಸ್ ನಮ್ಮ ಸೌದೆ ಮೇಲಿತ್ತು. ಹೇಗೆ ಬಂತು ಅಂತ ನಾನು ಹೆಂಡತಿಯನ್ನು ಕೇಳಲಿಲ್ಲ. ಸಂಸಾರ ನಡೀಬೇಕಲ್ವಾ.

ರಾಶಿ ಇರುವುದು ರಸ್ತೆ ಬದಿಗೇ. ನಾಯಕರು ಕೈ ಮುಗಿದುಕೊಂಡು ಇಡೀ ಮಳೆಗಾಲ ನೆನೆದರು. ಗೆದ್ದವರೂ ಅಷ್ಟು ದಿನ ಊರಲ್ಲಿ ನಿಂತಿರಲಿಲ್ಲ.

2024ರ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆ ಆಯಿತು. ಆ ಹೊತ್ತಿನಿಂದ ಸರ್ಕಾರಿ ಕಟ್ಟಡದ ಮೇಲಿನ ಪ್ರಚಾರ 24 ಗಂಟೆಯಲ್ಲಿ, ಬಸ್ ನಿಲ್ದಾಣ, ಕರೆಂಟ್ ಕಂಬದ್ದು 48 ಗಂಟೆಯಲ್ಲಿ, ಖಾಸಗಿ ಜಾಗದಲ್ಲಿ ಅನುಮತಿ ಇಲ್ಲದ್ದು 72 ಗಂಟೆಯಲ್ಲಿ ಇಳಿಯಬೇಕು. ಮೂರನೇ ದಿನ ಮನೆ ಮುಂದೆ ಚುನಾವಣಾ ಅಧಿಕಾರಿಯ ಜೀಪು ನಿಂತಿತು.

"ಇದು ಪ್ರಚಾರ ಆಗುತ್ತೆ ಸರ್."

"ಸೌದೆ ಸ್ವಾಮಿ."

"ಸೌದೆ ಸರಿ. ಮೇಲಿರೋರು?"

ಮುದ್ರಕರ ಹೆಸರು, ವಿಳಾಸ ಇರಲೇಬೇಕು ಅಂತ ಅವರು ಮೂಲೆಗೆ ಬಗ್ಗಿ ಹುಡುಕಿದರು. 1951ರ ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಅದಿಲ್ಲದೆ ಅಚ್ಚು ಹಾಕಿಸಿದವರಿಗೆ ಆರು ತಿಂಗಳವರೆಗೆ ಜೈಲೂ ಆಗಬಹುದಂತೆ. ಆ ಮೂಲೆಯನ್ನು ಇಲಿ ತಿಂದಿತ್ತು. ಇಲಿಯ ಹೆಸರು ಬರೆದುಕೊಳ್ಳುತ್ತಾರೇನೋ ಅಂತ ನನಗೆ ಭಯ.

ಅಷ್ಟರಲ್ಲಿ ನನ್ನಾಕೆ ಹೊರಗೆ ಬಂದಳು. "ಅಷ್ಟಕ್ಕೆ ಯಾಕೆ ಮಾರಾಯ್ರೆ? ಮಗುಚಿ ಹಾಕಿದ್ರೆ ಆಯ್ತು. ಹಿಂದೆ ಬಿಳೀನೇ ಇರೋದು."

ಅಧಿಕಾರಿಗೂ ಸಮಾಧಾನ ಆಯಿತು. ನಾನು, ಡ್ರೈವರು ಎರಡು ಕಡೆ ಹಿಡಿದು ಎತ್ತಿದೆವು. ಒಳಗಿಂದ ಎದುರು ಪಕ್ಷದವರು ಕೈ ಮುಗಿದರು. ಸೋರಬಾರದು ಅಂತ ಅವಳು ಎರಡು ಪದರ ಹಾಕಿದ್ದಳು.

ಅಧಿಕಾರಿ ಪೆನ್ನು ಜೇಬಿಗೆ ಹಾಕಿಕೊಂಡರು. "ಇದನ್ನ ಯಾರ ಲೆಕ್ಕಕ್ಕೆ ಬರೀಲಿ ಸರ್?" ಎಂದು ಬಹಳ ಬೇಜಾರಿನಲ್ಲಿ ಕೇಳಿದರು. ಎರಡನ್ನೂ ಮಡಚಿ ಜೀಪಿಗೆ ಹಾಕಿಕೊಂಡು, ಕಾಫಿ ಕುಡಿದು ಹೋದರು. ಆ ರಾತ್ರಿಯೇ ಗುಡುಗು ಮಳೆ. ಸೌದೆ ಪೂರ್ತಿ ಒದ್ದೆ.

ಏಪ್ರಿಲ್‌ನಲ್ಲಿ ಪಕ್ಷದ ಹುಡುಗ ಒಬ್ಬ ಬಂದ. ಬೇಲಿಗೆ ಬ್ಯಾನರ್ ಕಟ್ಟಬೇಕಂತೆ, ಜಾಗದವರ ಲಿಖಿತ ಒಪ್ಪಿಗೆ ಬೇಕಂತೆ. ಅರ್ಜಿ ಕೈಯಲ್ಲೇ ಇತ್ತು. ನಾನು ಪೆನ್ನು ಹುಡುಕಲು ಹೊರಟೆ.

"ನಿಲ್ಲಿ" ಎಂದಳು ಇವಳು. "ಎಷ್ಟುದ್ದ ಬರುತ್ತೆ ತಮ್ಮಾ?"

"ಹತ್ತು ಬೈ ಎಂಟು ಅಕ್ಕ."

"ಚುನಾವಣೆ ಮುಗಿದ ಮೇಲೆ ನಮಗೇ ಬಿಡ್ತೀಯಲ್ಲ?"

"ಬಿಡ್ತೀನಿ ಅಕ್ಕ. ಆದ್ರೆ ಈ ಸಲ ಬಟ್ಟೆದು. ಫ್ಲೆಕ್ಸ್‌ಗೆ 2016ರಿಂದಲೇ ನಿಷೇಧ ಇದೆ ಅಂತ ಮೇಲಿನವರು ಬೈತಾರೆ."

ಇವಳು ಅರ್ಜಿಯನ್ನು ಅವನ ಕೈಗೇ ವಾಪಸ್ ಕೊಟ್ಟಳು.

"ಬಟ್ಟೆದು ಬೇಡ ಮಾರಾಯ. ನೀರು ಇಳಿಯುತ್ತೆ."