‘ಹರ್ಟ್’ ಜಾನಿ ಕ್ಯಾಶ್ ಅವರ ಕೊನೆಯ ಹಾಡಲ್ಲ

ಅಮೆರಿಕದ ಕಂಟ್ರಿ ಸಂಗೀತದ ಗಾಯಕ ಜಾನಿ ಕ್ಯಾಶ್ ಪತ್ನಿಯ ಅಗಲಿಕೆಯ ದುಃಖದಲ್ಲಿ ಹಾಡಿದ ಕೊನೆಯ ಹಾಡು ಎಂಬ ಒಕ್ಕಣೆಯೊಂದಿಗೆ ‘ಹರ್ಟ್’ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತದೆ. ಈ ಒಕ್ಕಣೆಯ ಎರಡು ಮಾತುಗಳೂ ತಪ್ಪು. ಈ ಹಾಡು ಇರುವ ಆಲ್ಬಂ ಬಿಡುಗಡೆಯಾದದ್ದು 2002ರ ನವೆಂಬರ್‌ನಲ್ಲಿ. ಪತ್ನಿ ಜೂನ್ ಕಾರ್ಟರ್ ತೀರಿಕೊಂಡದ್ದು 2003ರ ಮೇ 15ರಂದು. ಅಷ್ಟೇಕೆ, ವಿಡಿಯೊದಲ್ಲಿ ಮೆಟ್ಟಿಲ ಮೇಲೆ ನಿಂತು, ಹಾಡುತ್ತಿರುವ ಗಂಡನನ್ನು ಕಳವಳದಿಂದ ದಿಟ್ಟಿಸುವ ಮಹಿಳೆ ಸ್ವತಃ ಜೂನ್ ಅವರೇ. ಹಾಡು ಬರೆದವರೂ ಕ್ಯಾಶ್ ಅಲ್ಲ. ಅದು ನೈನ್ ಇಂಚ್ ನೇಲ್ಸ್ ತಂಡದ ಟ್ರೆಂಟ್ ರೆಜ್ನರ್ ಅವರ ರಚನೆಯಾಗಿದ್ದು, 1994ರಲ್ಲೇ ಹೊರಬಂದಿತ್ತು.

ಕ್ಯಾಶ್ ಅವರ ನಿಜವಾದ ಕೊನೆಯ ಧ್ವನಿಮುದ್ರಣ ಇದಕ್ಕಿಂತ ಹೆಚ್ಚು ಮನಸ್ಸನ್ನು ಕಲಕುವಂಥದ್ದು ಎಂದೇ ನನ್ನ ಅನಿಸಿಕೆ. 2003ರ ಆಗಸ್ಟ್ 21ರಂದು, ಅಂದರೆ ಸೆಪ್ಟೆಂಬರ್ 12ರ ಸಾವಿಗೆ ಮೂರು ವಾರ ಮೊದಲು, ಆರೋಗ್ಯ ಪೂರ್ತಿ ಕೈಕೊಟ್ಟಿದ್ದರೂ ಅವರು ‘ಎಂಜಿನ್ 143’ ಹಾಡಿದರು. ರೈಲು ಅಪಘಾತದಲ್ಲಿ ಮಡಿದ ಚಾಲಕನ ಕಥೆ ಹೇಳುವ ಈ ಹಳೆಯ ಲಾವಣಿಯನ್ನು ಜೂನ್ ಅವರ ತಾಯಿ ಮೇಬೆಲ್ ಇದ್ದ ಕಾರ್ಟರ್ ಫ್ಯಾಮಿಲಿ ತಂಡ 1929ರಲ್ಲಿ ಧ್ವನಿಮುದ್ರಿಸಿತ್ತು. ಹೆಂಡತಿಯ ತವರಿನ ಹಾಡನ್ನೇ ಅವರು ಕೊನೆಗೆ ಹಾಡಿದಂತಾಯಿತು. ಅವರೇ ಬರೆದ ಕೊನೆಯ ಹಾಡು ‘ಲೈಕ್ ದಿ 309’ ಕೂಡ ರೈಲಿನದ್ದೇ. ತನ್ನ ಶವಪೆಟ್ಟಿಗೆಯನ್ನು ರೈಲಿಗೇರಿಸುವ ಮಾತಿನ ನಡುವೆಯೂ ಅಲ್ಲಿ ಏದುಸಿರಿನ ತಮಾಷೆಯಿದೆ, ಅಳು ಇಲ್ಲ.